ಹಾಲು-ಚಹದಲ್ಲಿ ಮುತ್ತುಗಳು

ಮನೆಗೆ ಬಂದವರಿಗೆ ಮೊದಲು ನೀರು-ಬೆಲ್ಲ, ಆಮೇಲೆ ಕುಶಲಪ್ರಶ್ನೆ. ಇದು ನಮ್ಮ ಮನೆತನಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಪದ್ಧತಿ. ನೀರು-ಬೆಲ್ಲದ ಪಕ್ಕದಲ್ಲಿ ಚಹದ ಬಟ್ಟಲು ಬಂದು ಕುಳಿತದ್ದು ತೀರ ಈಚೆಗೆ. ನಮ್ಮ ಅಜ್ಜಂದಿರ ಕಾಲದಲ್ಲಿ ಚಹವನ್ನೂ ಸಂಶಯದಿಂದಲೇ ನೋಡಿದವರಿದ್ದರು. ಇಂದು ಚಹವಿಲ್ಲದ ಆತಿಥ್ಯವೇ ಇಲ್ಲ. ಈ ಮಾತನ್ನು ಮೊದಲೇ ನೆನೆದಿದ್ದರೆ ಕಳೆದ ಬೇಸಿಗೆಯಲ್ಲಿ ನಮ್ಮಿಂದ ಆದ ತಪ್ಪು ಆಗುತ್ತಿರಲಿಲ್ಲ.

ರಜೆಗೆ ಬಂದಿದ್ದ ಮೊಮ್ಮಗಳು ಒಂದು ಸಂಜೆ ತನ್ನ ಕೈಖರ್ಚಿನ ಹಣದಲ್ಲಿ ಪೇಟೆಯಿಂದ ಎರಡು ಲೋಟ ಪಾನೀಯ ತಂದಳು. ಒಂದು ತನಗೆ, ಇನ್ನೊಂದು ನಮಗೆ. ಹಾಲು-ಚಹದ ತಳದಲ್ಲಿ ಕರಿಯ ಗುಂಡುಗಳು ತುಂಬಿದ್ದವು. "ಇದು ಯಾವುದರಿಂದ ಮಾಡಿದ್ದು? ಪ್ರಾಣಿಜನ್ಯ ವಸ್ತುವೇನಾದರೂ ಇದೆಯೇ?" ಎಂದು ಕೇಳಿದೆವು. ಹುಡುಗಿಗೆ ಉತ್ತರ ಗೊತ್ತಿರಲಿಲ್ಲ. "ಗೊತ್ತಿಲ್ಲದ್ದನ್ನು ತಿನ್ನುವವರೂ ಉಂಟೆ?" ಎಂದು ಲೋಟವನ್ನು ಬದಿಗೆ ಸರಿಸಿಬಿಟ್ಟೆವು. ಆಕೆ ಮರುಮಾತಾಡದೆ ಎರಡನ್ನೂ ಒಳಗೆ ಒಯ್ದಳು. ತನ್ನದನ್ನೂ ಕುಡಿಯಲಿಲ್ಲವೆಂಬುದು ಮರುದಿನ ತಿಳಿಯಿತು. ಮಠದ ಪಂಕ್ತಿಯಲ್ಲಿ ಎಲೆಯ ಮೇಲಿನ ಒಂದು ಅಗುಳನ್ನೂ ಪ್ರಸಾದವೆಂದು ಎತ್ತಿಕೊಳ್ಳಲು ಕಲಿತ ನಮ್ಮ ಕಾರಣದಿಂದಲೇ ಎರಡು ಲೋಟ ಆಹಾರ ಮೋರಿಯ ಪಾಲಾಗಿತ್ತು. ಅಂದಿನಿಂದ ಆ ಪಾನೀಯದ ಪೂರ್ವೋತ್ತರವನ್ನು ವಿಚಾರಿಸತೊಡಗಿದೆವು.

ಹುಟ್ಟಿದ ನೆಲ

ಇದರ ಹೆಸರು ಬಬಲ್ ಟೀ. ತವರು ತೈವಾನ್ ದ್ವೀಪ. 1980ರ ದಶಕದಲ್ಲಿ ಅಲ್ಲಿ ಹುಟ್ಟಿ ಜಗತ್ತನ್ನೆಲ್ಲ ಸುತ್ತಿತು. ಮೊದಲು ಮಾಡಿದವರು ಯಾರೆಂಬ ವಿಷಯದಲ್ಲಿ ಎರಡು ಚಹದ ಮನೆಗಳು ವಾದ ಹೂಡಿದ್ದವು. ಒಂದು ತೈಚುಂಗ್ ನಗರದ ಚುನ್ ಶುಯಿ ತಾಂಗ್, ಇನ್ನೊಂದು ತೈನಾನ್ ನಗರದ ಹಾನ್‌ಲಿನ್. ವರ್ಷಗಟ್ಟಲೆ ನಡೆದ ವ್ಯಾಜ್ಯ 2019ರಲ್ಲಿ ಮುಗಿಯಿತು. ಈ ಪಾನೀಯಕ್ಕೆ ಯಾರದೂ ಏಕಸ್ವಾಮ್ಯವಿಲ್ಲ, ಯಾರು ಬೇಕಾದರೂ ಮಾಡಬಹುದು, ಆದ್ದರಿಂದ ಮೊದಲಿಗರು ಯಾರೆಂದು ನಿರ್ಣಯಿಸುವ ಅಗತ್ಯವೇ ಇಲ್ಲವೆಂದು ನ್ಯಾಯಾಲಯ ಹೇಳಿತು. ವಿದ್ಯೆಯೂ ರುಚಿಯೂ ಹಂಚಿದಷ್ಟೂ ಬೆಳೆಯುವ ವಸ್ತುಗಳೆಂದು ನಂಬಿದ ನಮಗೆ ಈ ತೀರ್ಪು ಹಿತವೆನಿಸಿತು.

ಬಬಲ್ ಎಂದರೆ ಗುಳ್ಳೆ. ತಳದ ಗುಂಡುಗಳಿಂದಲೇ ಈ ಹೆಸರು ಬಂದಿತೆಂದು ಹಲವರು ತಿಳಿದಿದ್ದಾರೆ. ವಾಸ್ತವವಾಗಿ ಅದು ಮಂಜುಗಡ್ಡೆಯೊಡನೆ ಚಹವನ್ನು ಮುಚ್ಚಿದ ಪಾತ್ರೆಯಲ್ಲಿ ಕುಲುಕಿದಾಗ ಏಳುವ ನೊರೆಯ ಹೆಸರು. ಗುಂಡುಗಳಿಗೆ ಅಲ್ಲಿಯ ಜನ ಮುತ್ತುಗಳೆನ್ನುತ್ತಾರೆ. ಹಲ್ಲಿಗೆ ಮೆತ್ತಗಿದ್ದೂ ಪುಟಿಯುವ ಅವುಗಳ ಗುಣಕ್ಕೆ 'ಕ್ಯೂ' ಎಂಬ ಒಂದಕ್ಷರದ ಶಬ್ದ ತೈವಾನಿನಲ್ಲಿ ರೂಢಿಯಲ್ಲಿದೆ. ಇನ್ನೊಂದು ಭಾಷಾಸ್ವಾರಸ್ಯವೂ ಉಂಟು. ನಾವಾಡುವ 'ಚಹ'ದ ಮೂಲ ಚೀನೀ ನುಡಿಯ 'ಛಾ'. ಆಂಗ್ಲರ 'ಟೀ' ಬಂದದ್ದು ಚೀನದ ಆಗ್ನೇಯ ಕರಾವಳಿಯ ಮಿನ್ ನುಡಿಯ 'ತೆ'ಯಿಂದ. ತೈವಾನಿನ ಬಹುಜನರ ಮನೆಮಾತು ಆ ನುಡಿಯ ಬಳಗಕ್ಕೇ ಸೇರಿದ್ದು.

ಮುತ್ತಿನ ಮೂಲ ನಮ್ಮ ಸಬ್ಬಕ್ಕಿಯೇ

ಆ ಕರಿಯ ಮುತ್ತು ಮರಗೆಣಸಿನ ಹಿಟ್ಟಿನಿಂದ ಆದದ್ದೆಂದು ತಿಳಿದಾಗ ನಮಗಾದ ನಾಚಿಕೆ ಅಷ್ಟಿಷ್ಟಲ್ಲ. ನಾವು ಬಾಲ್ಯದಿಂದ ಪಾಯಸದಲ್ಲಿ, ಸಂಡಿಗೆಯಲ್ಲಿ ತಿನ್ನುತ್ತ ಬಂದ ಸಬ್ಬಕ್ಕಿಯೂ ಅದರದೇ ಪಿಷ್ಟ. ನಿಜವಾದ ಸಾಗುವು ಆಗ್ನೇಯ ಏಷ್ಯದ ಒಂದು ಜಾತಿಯ ತಾಳೆಮರದ ತಿರುಳಿನಿಂದ ಬರುತ್ತದೆ. ನಮ್ಮ ದೇಶದ ಸಬ್ಬಕ್ಕಿ ಮಾತ್ರ ಮರಗೆಣಸಿನದು. ಮರಗೆಣಸಿನ ತವರು ದಕ್ಷಿಣ ಅಮೆರಿಕ. ತಿರುವಾಂಕೂರಿನಲ್ಲಿ 1880ರಿಂದ 1885ರವರೆಗೆ ಆಳಿದ ವಿಶಾಖಂ ತಿರುನಾಳ್ ಮಹಾರಾಜರು ಬಡವರ ಹಸಿವನ್ನು ನೀಗಲೆಂದು ಇದರ ಕೃಷಿಗೆ ಉತ್ತೇಜನವಿತ್ತರು. ತಮಿಳುನಾಡಿನ ಸೇಲಂ ಪ್ರಾಂತ ಇಂದು ಸಬ್ಬಕ್ಕಿಯ ದೊಡ್ಡ ನೆಲೆ. ಅಲ್ಲಿಯ ತಯಾರಕರ ಸಹಕಾರ ಸಂಘವು 1981ರಲ್ಲಿ ಸ್ಥಾಪಿತವಾಯಿತು. ಸೇಲಂ ಸಬ್ಬಕ್ಕಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಹಸಿಯ ಮರಗೆಣಸಿನಲ್ಲಿ ವಿಷಾಂಶ ಇರುವುದುಂಟು. ಅರೆದು, ತೊಳೆದು, ಒಣಗಿಸಿ ಪಿಷ್ಟವನ್ನು ಬೇರ್ಪಡಿಸುವಾಗ ಅದು ನಿವಾರಣೆಯಾಗುತ್ತದೆ.

ಮಾಡುವ ಕ್ರಮ

ನಾಲ್ವರಿಗೆ 100 ಗ್ರಾಂ ಮರಗೆಣಸಿನ ಪಿಷ್ಟ, 60 ಗ್ರಾಂ ಕಪ್ಪು ಬೆಲ್ಲ, 60 ಮಿಲಿಲೀಟರ್ ನೀರು ಸಾಕು. ಬೆಲ್ಲವನ್ನು ನೀರಿನಲ್ಲಿ ಕರಗಿಸಿ, ಕಸ-ಮರಳು ಉಳಿಯದಂತೆ ಸೋಸಿ, ಮತ್ತೆ ಒಲೆಗಿಡಬೇಕು. ಪಾಕ ತಳಮಳ ಕುದಿಯುವಾಗ ಎರಡು ಚಮಚ ಪಿಷ್ಟ ಹಾಕಿ ಬಿರುಸಾಗಿ ಕಲಕಿದರೆ ಅದು ಅಂಟಿನಂತಾಗುತ್ತದೆ. ಕೂಡಲೇ ಒಲೆಯಿಂದಿಳಿಸಿ ಉಳಿದ ಪಿಷ್ಟವನ್ನು ಬೆರೆಸಿ, ಕೈ ತಾಳುವಷ್ಟು ಬಿಸಿಯಿರುವಾಗಲೇ ನಾದಬೇಕು. ಇಲ್ಲಿಯೇ ಗುಟ್ಟಿರುವುದು. ಪಾಕ ಕುದಿಯದಿದ್ದರೆ ಪಿಷ್ಟದ ಕಣಗಳು ಅರಳಿ ಅಂಟಾಗುವುದಿಲ್ಲ. ಆಗ ಹಿಟ್ಟು ಒತ್ತಿದರೆ ಗಟ್ಟಿ, ಬಿಟ್ಟರೆ ನೀರು. ನಮ್ಮ ಮೊದಲ ಪ್ರಯತ್ನ ಹೀಗೆಯೇ ಕೆಟ್ಟು ಮೊಮ್ಮಗಳ ನಗೆಗೆ ಕಾರಣವಾಯಿತು.

ನಾದಿದ ಹಿಟ್ಟನ್ನು ಬತ್ತಿಯಂತೆ ಹೊಸೆದು, ತುಂಡರಿಸಿ, ಕಡಲೆಕಾಳಿಗಿಂತ ತುಸು ಚಿಕ್ಕ ಗುಂಡುಗಳನ್ನು ಮಾಡಿ ಒಣ ಪಿಷ್ಟದಲ್ಲಿ ಹೊರಳಿಸಬೇಕು. ಬೇಯುವಾಗ ಅವು ಉಬ್ಬುತ್ತವೆ. ಧಾರಾಳ ಕುದಿನೀರಿನಲ್ಲಿ 20 ನಿಮಿಷ ಬೇಯಿಸಿ, ಒಲೆ ಆರಿಸಿ, ಮುಚ್ಚಿ ಇನ್ನೂ 20 ನಿಮಿಷ ಬಿಡಬೇಕು. ಒಂದನ್ನು ಕೊಯ್ದು ನೋಡಿದರೆ ನಡುವೆ ಬಿಳಿಯ ಚುಕ್ಕೆ ಇರಬಾರದು. ಆಮೇಲೆ ತಣ್ಣೀರಿನಲ್ಲಿ ಜಾಲಿಸಿ ಬೆಲ್ಲದ ಪಾಕದಲ್ಲಿ ನೆನೆಹಾಕಬೇಕು. ಮಲೆನಾಡಿನ ಜೋನಿಬೆಲ್ಲವಿದ್ದರೆ ಇನ್ನೂ ಚೆನ್ನ. ಇವನ್ನು ಮೂರು-ನಾಲ್ಕು ಗಂಟೆಗಳೊಳಗೆ ಮುಗಿಸಬೇಕು. ತಂಪುಪೆಟ್ಟಿಗೆಯಲ್ಲಿಟ್ಟರೆ ಪಿಷ್ಟ ಬಿಗಿದು, ತಂಗಳನ್ನದಂತೆ ಗಡುಸಾಗುತ್ತದೆ.

ಅರ್ಧ ಲೀಟರ್ ಕುದಿನೀರಿಗೆ ನಾಲ್ಕು ಚಹದ ಚಮಚ ಸೊಪ್ಪು ಹಾಕಿ, ಐದು ನಿಮಿಷ ಮುಚ್ಚಿಟ್ಟು ಸೋಸಿ ಆರಿಸಬೇಕು. ಕಾಸಿ ತಣಿಸಿದ ಕಾಲು ಲೀಟರ್ ಹಾಲು ಬೆರೆಸಬೇಕು. ಬಿಸಿ ಹಾಲಿಗೆ ಬೆಲ್ಲ ಸೇರಿದರೆ ಒಡೆಯುತ್ತದೆಂಬುದು ನಮ್ಮ ಗೃಹಿಣಿಯರಿಗೆ ಹೇಳಿಕೊಡಬೇಕಾದ ಮಾತಲ್ಲ. ಎಲ್ಲವೂ ತಣ್ಣಗಿದ್ದರೆ ಆ ಭಯವಿಲ್ಲ. ಬಿಗಿಮುಚ್ಚಳದ ಸ್ಟೀಲಿನ ಡಬ್ಬಿಯಲ್ಲಿ ಮಂಜುಗಡ್ಡೆಯೊಡನೆ ಕುಲುಕಿ, ಎರಡೆರಡು ದೊಡ್ಡ ಚಮಚ ಮುತ್ತು ಹಾಕಿದ ಲೋಟಗಳಿಗೆ ನೊರೆಸಹಿತ ಸುರಿದರೆ ಪಾನೀಯ ಸಿದ್ಧ.

ಕೆಲವು ಎಚ್ಚರಿಕೆಗಳು

ಮನೆಯ ಮುತ್ತಿನಲ್ಲಿ ಪಿಷ್ಟ, ಬೆಲ್ಲ, ನೀರು ಬಿಟ್ಟರೆ ಬೇರೇನೂ ಇಲ್ಲ. ಆದರೆ ಅಂಗಡಿಗಳಲ್ಲಿ ಇದರೊಡನೆ ಹಾಕುವ ಕೆಲವು ಜೆಲ್ಲಿಗಳಲ್ಲಿ ಪ್ರಾಣಿಗಳ ಮೂಳೆ-ಚರ್ಮಗಳಿಂದ ತೆಗೆದ ಜೆಲಟಿನ್ ಇರಬಹುದು. ಶಾಕಾಹಾರಿಗಳು ವಿಚಾರಿಸಿ ಕೊಳ್ಳುವುದು, ಪೊಟ್ಟಣದ ಹಸಿರು ಗುರುತನ್ನು ನೋಡುವುದು ಲೇಸು. ಲಾಭದಾಸೆಯ ಕಲಬೆರಕೆ ಈ ಪಾನೀಯದ ತವರನ್ನೂ ಬಿಟ್ಟಿಲ್ಲ. 2013ರಲ್ಲಿ ತೈವಾನಿನ ಮಾರುಕಟ್ಟೆಯ ಮುತ್ತುಗಳಲ್ಲಿಯೂ ಇತರ ತಿನಿಸುಗಳಲ್ಲಿಯೂ ಅನುಮತಿಯಿಲ್ಲದ ಮೇಲೆಯಿಕ್ ಆಮ್ಲ ಬೆರೆತ ಪಿಷ್ಟ ಪತ್ತೆಯಾಗಿ ಸರಕುಗಳನ್ನು ಹಿಂತೆಗೆಯಬೇಕಾಯಿತು. ಶರಣರು ಕಾಯಕಕ್ಕೆ ಸತ್ಯಶುದ್ಧವೆಂಬ ವಿಶೇಷಣವನ್ನು ಏಕೆ ಸೇರಿಸಿದರೆಂಬುದು ಇಂಥ ಪ್ರಸಂಗಗಳಲ್ಲಿ ಮನವರಿಕೆಯಾಗುತ್ತದೆ.

ಎರಡನೆಯದು ಪುಟ್ಟ ಮಕ್ಕಳ ವಿಚಾರ. ಕೊಳವೆಯಿಂದ ಜೋರಾಗಿ ಹೀರುವಾಗ ಮುತ್ತು ನೇರವಾಗಿ ಶ್ವಾಸನಾಳಕ್ಕೆ ಹೊಕ್ಕು ಅಪಾಯವಾಗಬಹುದು. ಜರ್ಮನಿಯ ಸರಕಾರಿ ತಜ್ಞರು 2012ರಲ್ಲಿಯೇ ಈ ಎಚ್ಚರಿಕೆ ನೀಡಿದ್ದರು. ಐದು ವರ್ಷದೊಳಗಿನ ಮಕ್ಕಳಿಗೆ ಕೊಡದಿರುವುದೇ ಕ್ಷೇಮ. ದೊಡ್ಡ ಮಕ್ಕಳೂ ಕುಳಿತು, ಚಮಚದಿಂದ ತೆಗೆದು, ಅಗಿದು ತಿನ್ನಲಿ. ಪ್ಲಾಸ್ಟಿಕ್ ಕೊಳವೆಗಳು 2022ರ ಜುಲೈ 1ರಿಂದ ನಮ್ಮ ದೇಶದಲ್ಲಿ ನಿಷಿದ್ಧವಾಗಿವೆ. ಆದ್ದರಿಂದಲೂ ಚಮಚವೇ ಯೋಗ್ಯ. ಇದರಲ್ಲಿ ಪಿಷ್ಟವೂ ಸಿಹಿಯೂ ಹೆಚ್ಚು. ಮಧುಮೇಹಿಗಳು ದೂರವಿರಬೇಕು, ಉಳಿದವರಿಗೂ ಇದು ಅಪರೂಪದ ಸಂಭ್ರಮವಾಗಿರಲಿ, ನಿತ್ಯದ ಚಟವಾಗದಿರಲಿ.

ರಜೆ ಮುಗಿಯುವ ಮುನ್ನಾದಿನ ನಾವೂ ಮೊಮ್ಮಗಳೂ ಎದುರುಬದುರು ಕುಳಿತು ಮುತ್ತು ಹೊಸೆದೆವು. ಆಕೆಯದು ದುಂಡಗೆ, ನಮ್ಮದು ವಕ್ರ. ಲೋಟಗಳು ತುಂಬಿದಾಗ ಆಕೆ ಮೊದಲನೆಯದನ್ನು ಪಕ್ಕದ ಮನೆಯ ಮುದುಕಿಗೆ ಕೊಟ್ಟುಬಂದು, ಎರಡನೆಯದನ್ನು ನಮ್ಮ ಮುಂದಿಟ್ಟು, "ಅಜ್ಜಾ, ಇದು ಯಾವುದರಿಂದ ಮಾಡಿದ್ದು ಅಂತ ಈಗ ಕೇಳು" ಎಂದಳು. ಕೇಳಿದೆವು. ಒಂದೊಂದಾಗಿ ಎಲ್ಲವನ್ನೂ ಹೇಳಿದಳು.

ಉಣ್ಣುವುದು ಏನೆಂದು ಕೇಳುವುದು ತಪ್ಪಲ್ಲ, ಅದು ನಮ್ಮ ಸಂಸ್ಕಾರವೇ. ಕೇಳಿದ ಮೇಲೆ ಉತ್ತರಕ್ಕೆ ಕಾಯದೆ, ನೀಡಿದ ಕೈಯನ್ನೇ ತಳ್ಳಿದ್ದು ತಪ್ಪು. ಪದಾರ್ಥವು ಪ್ರಸಾದವಾಗುವುದು ಅರ್ಪಿಸುವ ಭಾವದಿಂದ. ಆ ಭಾವ ಮೊದಲ ದಿನವೇ ಆ ಮಗುವಿನಲ್ಲಿತ್ತು. ನಮ್ಮ ಓದುಗ ಬಂಧುಗಳ ಮನೆಗೂ ಮಕ್ಕಳು ಇಂಥ ಹೊಸತನ್ನೇನಾದರೂ ತಂದಾರು. ಆಗ ಒಂದು ಗಳಿಗೆ ತಾಳಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೂಡಿಯೇ ವಿಚಾರಿಸಿರಿ. ಶರಣು.