ಪುಟದ ಬೀಗ ಯಾರ ಕೈಯಲ್ಲಿ? ವಿಕಿಯಲ್ಲಿ ತಿದ್ದುವ ಹಕ್ಕು ಮತ್ತು ಅದರ ಸೆಟ್ಟಿಂಗ್‌ಗಳು

ಮಕ್ಕಳೇ, ವಿಕಿಪೀಡಿಯಾ ಹೆಸರು ನೀವು ಕೇಳೇ ಇರ್ತೀರಿ. ಪ್ರಾಜೆಕ್ಟ್ ಕೆಲಸ ಕೊಟ್ಟ ದಿನ ಮನೆಯಲ್ಲಿ ಫೋನ್ ಸಿಕ್ಕರೆ ಮೊದಲು ತೆರೆಯುವುದೇ ಅದನ್ನು. ಅದರ ಬಗ್ಗೆ ತರಗತಿಯಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದಿದೆ: “ಸರ್, ಅದನ್ನ ಯಾರು ಬೇಕಾದ್ರೂ ತಿದ್ದಬಹುದಂತಲ್ರಿ? ಹಂಗಾದ್ರೆ ನಂಬೋದು ಹೆಂಗ್ರಿ?”

ಪ್ರಶ್ನೆ ಸರಿಯಾಗೇ ಇದೆ. ಆದರೆ “ಯಾರು ಬೇಕಾದರೂ” ಎಂಬ ಮಾತು ಅರ್ಧ ಮಾತ್ರ ನಿಜ. ಯಾರು ತಿದ್ದಬಹುದು, ಯಾವ ಪುಟ ತಿದ್ದಬಹುದು, ತಿದ್ದಿದ ಮೇಲೆ ಏನಾಗುತ್ತದೆ ಎಂಬುದೆಲ್ಲ ವಿಕಿಯಲ್ಲಿ ಸೆಟ್ಟಿಂಗ್‌ಗಳಾಗಿ ಇರುತ್ತವೆ. ಆ ಸೆಟ್ಟಿಂಗ್ ತಿಳಿದವನಿಗೆ ಎಷ್ಟು ನಂಬಬೇಕು ಅನ್ನೋದೂ ತಿಳಿಯುತ್ತದೆ. ಅದನ್ನೇ ಈ ಸಲ ನೋಡೋಣ.

ವಿಕಿ ಅಂದ್ರೆ ಏನು?

ಓದುವವರೇ ತಿದ್ದಬಹುದಾದ ಜಾಲತಾಣವೇ ವಿಕಿ. ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಪ್ರೋಗ್ರಾಮರ್ 1995ರಲ್ಲಿ ಮೊದಲ ವಿಕಿಯನ್ನು ಮಾಡಿದರು. ಹವಾಯಿ ಭಾಷೆಯಲ್ಲಿ “ವಿಕಿ” ಅಂದರೆ ಬೇಗ, ಚಟಪಟ ಎಂದರ್ಥ. 2001ರ ಜನವರಿ 15ರಂದು ವಿಕಿಪೀಡಿಯಾ ಆರಂಭವಾಯಿತು. ಕನ್ನಡ ವಿಕಿಪೀಡಿಯಾ 2003ರ ಜೂನ್ ತಿಂಗಳಲ್ಲಿ ಶುರುವಾಯಿತು. ಈಗ ಅದರಲ್ಲಿ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಇವೆಲ್ಲ ನಡೆಯುವುದು ಮೀಡಿಯಾವಿಕಿ ಎಂಬ ತಂತ್ರಾಂಶದ ಮೇಲೆ. ಅದು ಉಚಿತ. ವಿಕಿಪೀಡಿಯಾ ಬಳಸುವ ಅದೇ ತಂತ್ರಾಂಶವನ್ನು ನಮ್ಮ ಶಾಲೆಯ ಕಂಪ್ಯೂಟರಿನಲ್ಲೂ ಹಾಕಿಕೊಳ್ಳಬಹುದು.

ಊರು ಅದೇ, ವಿಳಾಸ ಬೇರೆ

ಒಂದು ಪುಟವನ್ನು ಯಾಕೆ ತಿದ್ದಬೇಕಾಗುತ್ತದೆ? ನಮ್ಮ ಊರುಗಳನ್ನೇ ನೋಡ್ರಿ. ನಾರಾಯಣಪೇಟೆ ಮೊದಲು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರಲ್ಲಿ ಆಂಧ್ರಪ್ರದೇಶಕ್ಕೆ ಸೇರಿತು. 2014ರ ಜೂನ್ 2ರಂದು ತೆಲಂಗಾಣ ಬಂತು. ಗದ್ವಾಲ್ 2016ರ ಅಕ್ಟೋಬರ್ 11ರಂದು ಮಹಬೂಬನಗರದಿಂದ ಬೇರೆಯಾಗಿ ಜೋಗುಳಾಂಬ ಗದ್ವಾಲ್ ಜಿಲ್ಲೆಯಾಯಿತು. ನಾರಾಯಣಪೇಟೆ, ಮಕ್ತಲ್ ಮಾತ್ರ ಮಹಬೂಬನಗರದಲ್ಲೇ ಉಳಿದು, 2019ರ ಫೆಬ್ರವರಿ 17ರಂದು ನಾರಾಯಣಪೇಟೆ ಜಿಲ್ಲೆ ಆಯಿತು.

2010ರಲ್ಲಿ ಯಾರಾದರೂ “ಮಕ್ತಲ್ ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಯಲ್ಲಿದೆ” ಎಂದು ಬರೆದಿದ್ದರೆ ಅಂದು ಅದು ತಪ್ಪಲ್ಲ. ಇಂದು ತಪ್ಪು. ಬರೆದವರ ತಪ್ಪಿಲ್ಲದೆಯೇ ಆ ವಾಕ್ಯ ಹಳತಾಯಿತು. ಅಚ್ಚಾದ ಪುಸ್ತಕವಾದರೆ ಮುಂದಿನ ಮುದ್ರಣದ ತನಕ ಕಾಯಬೇಕು. ವಿಕಿಯಲ್ಲಿ ಅದೇ ದಿನ ತಿದ್ದಬಹುದು. ಬಾಗಿಲು ತೆರೆದಿಡುವುದರ ಲಾಭ ಇದು.

ನಷ್ಟವೂ ಇದೆ. ಕೃಷ್ಣಾ ನದಿಗೆ ಕರ್ನಾಟಕದಲ್ಲಿ ಕಟ್ಟಿದ ನಾರಾಯಣಪುರ ಅಣೆಕಟ್ಟು, ಅಂದರೆ ಬಸವಸಾಗರ, ನಿಮಗೆ ಗೊತ್ತಿದೆ. ಹೆಸರು ಒಂದೇ ತರ ಇದೆಯೆಂದು ಯಾರೋ “ಈ ಅಣೆಕಟ್ಟು ನಾರಾಯಣಪೇಟೆಯಲ್ಲಿದೆ” ಎಂದು ಬರೆದರು ಅಂದ್ಕೊಳ್ಳಿ. ಅದನ್ನೂ ವಿಕಿ ಒಪ್ಪಿಕೊಂಡುಬಿಡುತ್ತದೆ. ತಂತ್ರಾಂಶಕ್ಕೆ ಭೂಗೋಳ ಗೊತ್ತಿಲ್ಲ.

ಹಂಗಾದ್ರೆ ಕಾಪಾಡುವುದು ಏನು?

ಮೊದಲನೆಯ ಕಾವಲು: ಇತಿಹಾಸ

ವಿಜ್ಞಾನದ ರೆಕಾರ್ಡ್ ಪುಸ್ತಕದಲ್ಲಿ ಅಳತೆ ತಪ್ಪಾದರೆ ರಬ್ಬರ್ ಹಾಕಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆಯಿರಿ ಅಂತ ಹೇಳ್ತೀವಲ್ಲ? ಯಾಕಂದ್ರೆ ಮೊದಲು ಏನಿತ್ತು ಎಂಬುದು ಕಾಣಬೇಕು. ವಿಕಿಯೂ ಹಾಗೆಯೇ. ಪುಟದ ಪ್ರತಿಯೊಂದು ಹಳೆಯ ರೂಪ “ಇತಿಹಾಸ” ಎಂಬ ಕೊಂಡಿಯ ಹಿಂದೆ ಉಳಿದಿರುತ್ತದೆ. ಯಾರು, ಯಾವ ದಿನ, ಎಷ್ಟು ಗಂಟೆಗೆ, ಯಾವ ಪದ ಬದಲಿಸಿದರು ಎಂಬುದು ಎರಡು ಕಾಲಂಗಳಲ್ಲಿ ಅಕ್ಕಪಕ್ಕ ಕಾಣುತ್ತದೆ. ಅಣೆಕಟ್ಟಿನ ಆ ತಪ್ಪು ವಾಕ್ಯವನ್ನು ಹಿಂದಕ್ಕೆ ತಿರುಗಿಸಲು ಒಂದೆರಡು ಕ್ಲಿಕ್ ಸಾಕು. ಹಾಳು ಮಾಡುವುದಕ್ಕಿಂತ ಸರಿಮಾಡುವುದು ಸುಲಭ ಆಗಿರಬೇಕು. ಇದೇ ವಿಕಿಯ ಮೂಲ ಲೆಕ್ಕ.

ಹಾಗಾಗಿ ನೀವು ಯಾವುದೇ ಪುಟ ಓದುವಾಗ ಇತಿಹಾಸ ಒಮ್ಮೆ ತೆರೆದು ನೋಡಿ. ನಿನ್ನೆ ರಾತ್ರಿ ಅಷ್ಟೇ ಯಾರೋ ಅಂಕಿ ಬದಲಿಸಿದ್ದಾರಾ? ಅದಕ್ಕೆ ಆಧಾರ ಕೊಟ್ಟಿದ್ದಾರಾ? ಇಷ್ಟು ನೋಡಿದರೆ ಅರ್ಧ ಪರೀಕ್ಷೆ ಆದಂತೆ.

ಎರಡನೆಯ ಕಾವಲು: ಗುಂಪು ಮತ್ತು ಬೀಗ

ಮೀಡಿಯಾವಿಕಿಯಲ್ಲಿ ಹಕ್ಕುಗಳನ್ನು ವ್ಯಕ್ತಿಗಿಂತ ಹೆಚ್ಚಾಗಿ ಗುಂಪಿಗೆ ಕೊಡುತ್ತಾರೆ. ಲಾಗಿನ್ ಆಗದವರೂ ಸೇರಿದ “ಎಲ್ಲರೂ” ಒಂದು ಗುಂಪು. ಖಾತೆ ಇರುವ “ಬಳಕೆದಾರರು” ಇನ್ನೊಂದು. ಸ್ವಲ್ಪ ಕಾಲ ಕೆಲಸ ಮಾಡಿದ ಮೇಲೆ ತಾನಾಗಿಯೇ ಸಿಗುವ “ಸ್ವಯಂ ದೃಢೀಕೃತ” ಗುಂಪು ಮತ್ತೊಂದು. ಇಂಗ್ಲಿಷ್ ವಿಕಿಪೀಡಿಯಾದಲ್ಲಿ ಇದಕ್ಕೆ ಸಾಮಾನ್ಯವಾಗಿ ಖಾತೆ ತೆರೆದು 4 ದಿನ ಕಳೆದಿರಬೇಕು, 10 ತಿದ್ದುಪಡಿ ಮಾಡಿರಬೇಕು. ಅದರ ಮೇಲೆ ಸಮುದಾಯ ಆರಿಸಿದ “ನಿರ್ವಾಹಕರು”.

ಜಗಳ ನಡೆಯುವ ಪುಟಕ್ಕೆ ನಿರ್ವಾಹಕರು ಬೀಗ ಹಾಕಬಹುದು. ಅರ್ಧ ಬೀಗ ಹಾಕಿದರೆ ಹೊಸಬರು ಮಾತ್ರ ತಿದ್ದಲಾಗುವುದಿಲ್ಲ. ಪೂರ್ತಿ ಬೀಗ ಹಾಕಿದರೆ ನಿರ್ವಾಹಕರೇ ತಿದ್ದಬೇಕು. ಒಂದು ವಾರ, ಒಂದು ತಿಂಗಳು ಅಂತ ಅವಧಿ ಕೊಟ್ಟರೆ ದಿನ ಮುಗಿದ ಮೇಲೆ ಬೀಗ ತಾನೇ ಬಿಚ್ಚಿಕೊಳ್ಳುತ್ತದೆ. ಪುಟದ ಹೆಸರು ಬದಲಿಸುವುದಕ್ಕೆ ಬೇರೆಯೇ ಬೀಗ. ನಮ್ಮ ಕಡೆ ಇದು ಬೇಕಾಗುತ್ತದೆ: ನಾರಾಯಣಪೇಟ ಅನ್ನಬೇಕಾ, ನಾರಾಯಣಪೇಟೆ ಅನ್ನಬೇಕಾ? ದಿನಾ ಹೆಸರು ಬದಲಿಸುತ್ತ ಕೂರುವ ಬದಲು ಒಂದು ಹೆಸರಿನಲ್ಲಿ ಪುಟ ಇಟ್ಟು, ಇನ್ನೊಂದು ಹೆಸರಿನಿಂದ ಅಲ್ಲಿಗೆ ದಾರಿ ಮಾಡುತ್ತಾರೆ. ವಾದ ಏನಿದ್ದರೂ ಪುಟದ “ಚರ್ಚೆ”ಯಲ್ಲಿ ನಡೆಯಬೇಕು. ಎಲ್ಲರಿಗೂ ಸೇರಿದ ಮಾತಿಗೆ ಕನ್ನಡ ವಿಕಿಪೀಡಿಯಾದಲ್ಲಿ ಒಂದು ಜಾಗ ಇದೆ. ಅದರ ಹೆಸರು “ಅರಳಿ ಕಟ್ಟೆ”.

2005ರ ಒಂದು ಪಾಠ

ಸೆಟ್ಟಿಂಗ್ ಸಣ್ಣ ವಿಷಯ ಅಲ್ಲ. 2005ರ ಮೇ ತಿಂಗಳಲ್ಲಿ ಲಾಗಿನ್ ಆಗದ ಒಬ್ಬ ವ್ಯಕ್ತಿ ಇಂಗ್ಲಿಷ್ ವಿಕಿಪೀಡಿಯಾದಲ್ಲಿ ಜಾನ್ ಸೀಗೆಂತಾಲರ್ ಎಂಬ ಅಮೆರಿಕದ ಪತ್ರಕರ್ತರ ಬಗ್ಗೆ ಪುಟ ಬರೆದ. ಅಧ್ಯಕ್ಷ ಕೆನಡಿ ಹತ್ಯೆಯಲ್ಲಿ ಅವರ ಕೈವಾಡದ ಅನುಮಾನ ಇತ್ತು ಎಂಬ ಪೂರ್ತಿ ಸುಳ್ಳು ಅದರಲ್ಲಿತ್ತು. ನಾಲ್ಕು ತಿಂಗಳು ಅದು ಹಾಗೇ ಉಳಿಯಿತು. ಇತಿಹಾಸದಲ್ಲಿ ಎಲ್ಲ ದಾಖಲಾಗಿತ್ತು ನಿಜ. ಆದರೆ ನೋಡುವವರೇ ಇರಲಿಲ್ಲ.

ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಸೆಟ್ಟಿಂಗ್ ಬದಲಾಯಿತು: ಖಾತೆ ಇಲ್ಲದವರು ಇಂಗ್ಲಿಷ್ ವಿಕಿಪೀಡಿಯಾದಲ್ಲಿ ಹೊಸ ಲೇಖನದ ಪುಟ ತೆರೆಯುವಂತಿಲ್ಲ. ಇರುವ ಪುಟ ತಿದ್ದುವುದಕ್ಕೆ ಅಡ್ಡಿ ಇಲ್ಲ. ಮೀಡಿಯಾವಿಕಿಯಲ್ಲಿ “ಪುಟ ಸೃಷ್ಟಿಸುವುದು” ಮತ್ತು “ಪುಟ ತಿದ್ದುವುದು” ಎರಡು ಬೇರೆ ಬೇರೆ ಹಕ್ಕುಗಳಾಗಿರುವುದರಿಂದಲೇ ಇದು ಸಾಧ್ಯವಾಯಿತು. 2018ರಲ್ಲಿ ಇನ್ನೂ ಬಿಗಿ ಮಾಡಿ, ಅಲ್ಲಿ ಹೊಸ ಲೇಖನ ತೆರೆಯಲು ಸ್ವಯಂ ದೃಢೀಕೃತರೇ ಆಗಿರಬೇಕು ಎಂದರು. ಪಾಠ ಎರಡು. ಬೀಗ ಎಲ್ಲಿ ಬೇಕೋ ಅಲ್ಲಿ ಮಾತ್ರ ಹಾಕಬೇಕು. ಮತ್ತು, ಎಷ್ಟು ಬೀಗ ಇದ್ದರೂ ನೋಡುವ ಕಣ್ಣು ಬೇಕು.

ನಿಮ್ಮ ಖಾತೆಯ ಸೆಟ್ಟಿಂಗ್

ಖಾತೆ ತೆರೆದ ಮೇಲೆ ಪ್ರಿಫರೆನ್ಸಸ್ ಎಂಬ ಪುಟ ಸಿಗುತ್ತದೆ. ಅದರಲ್ಲಿ ಸಂಪಾದನೆಗೆ ಸೇರಿದ ಭಾಗಕ್ಕೆ ಹೋಗಿ ಮೂರು ಚೌಕಗಳಿಗೆ ಟಿಕ್ ಹಾಕಿ.

ಒಂದು, ಸಾರಾಂಶ ಬರೆಯದೆ ಉಳಿಸಲು ಹೋದರೆ ಎಚ್ಚರಿಸು. ಸಾರಾಂಶ ಅಂದರೆ “ಜಿಲ್ಲೆಯ ಹೆಸರು ಸರಿಪಡಿಸಿದೆ” ಎಂಬಂಥ ಒಂದು ಸಾಲು. ಮುಂದೆ ನೋಡುವವರಿಗೆ ಇದು ದೊಡ್ಡ ಉಪಕಾರ.

ಎರಡು, ಮೊದಲ ಸಲ ತಿದ್ದಲು ತೆರೆದಾಗಲೇ ಮುನ್ನೋಟ ತೋರಿಸು. ಉಳಿಸುವ ಮೊದಲು ಪುಟ ಹೇಗೆ ಕಾಣುತ್ತದೆ ಎಂದು ನೋಡಿಕೊಳ್ಳುವ ಅಭ್ಯಾಸ ಬರುತ್ತದೆ.

ಮೂರು, ಉಳಿಸದೆ ಪುಟ ಬಿಟ್ಟು ಹೊರಟರೆ ಎಚ್ಚರಿಸು. ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ಲ! ಕರೆಂಟ್ ಹೋದರೆ ಈ ಚೌಕ ಕಾಪಾಡುವುದಿಲ್ಲ. ಕೈತಪ್ಪಿ ಪುಟ ಮುಚ್ಚಿದರೆ ಕಾಪಾಡುತ್ತದೆ.

ಕನ್ನಡ ಟೈಪ್ ಮಾಡಲು ಬೇರೆ ತಂತ್ರಾಂಶ ಬೇಡ. ಬರೆಯುವ ಪೆಟ್ಟಿಗೆಯ ಹತ್ತಿರ ಕೀಲಿಮಣೆಯ ಗುರುತು ಬರುತ್ತದೆ; ಅದರಲ್ಲಿ ಲಿಪ್ಯಂತರಣ ಅಥವಾ ಇನ್‌ಸ್ಕ್ರಿಪ್ಟ್ ಆರಿಸಿಕೊಳ್ಳಿ. ಕಂಟ್ರೋಲ್ ಮತ್ತು ಎಂ ಒಟ್ಟಿಗೆ ಒತ್ತಿದರೆ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಾಗುತ್ತದೆ.

ಒಂದು ಎಚ್ಚರಿಕೆ. ಖಾತೆಗೆ ನಿಮ್ಮ ಪೂರ್ತಿ ಹೆಸರು, ಶಾಲೆಯ ಹೆಸರು, ಹುಟ್ಟಿದ ವರ್ಷ, ಫೋನ್ ನಂಬರ್ ಹಾಕಬೇಡಿ. ಹೂವಿನದೋ ಹಕ್ಕಿಯದೋ ಹೆಸರು ಇಟ್ಟುಕೊಳ್ಳಿ. ಇತಿಹಾಸದಲ್ಲಿ ಬಿದ್ದ ಹೆಸರನ್ನು ಜಗತ್ತೇ ನೋಡುತ್ತದೆ, ಬಹಳ ವರ್ಷ ನೋಡುತ್ತದೆ. ಖಾತೆ ತೆರೆಯುವ ಮುನ್ನ ಮನೆಯಲ್ಲೋ ಶಾಲೆಯಲ್ಲೋ ದೊಡ್ಡವರಿಗೆ ಹೇಳಿ.

ಶಾಲೆಯಲ್ಲೇ ಒಂದು ವಿಕಿ

ಇಂಟರ್‌ನೆಟ್ ಇಲ್ಲದಿದ್ದರೂ ಒಂದು ಕಂಪ್ಯೂಟರಿನಲ್ಲಿ ಮೀಡಿಯಾವಿಕಿ ಹಾಕಿ, ಲ್ಯಾಬಿನ ಉಳಿದ ಕಂಪ್ಯೂಟರುಗಳಿಂದ ನೋಡಬಹುದು. ಇದರ ಜುಟ್ಟು ಇರುವುದು ಲೋಕಲ್‌ಸೆಟ್ಟಿಂಗ್ಸ್ ಎಂಬ ಒಂದೇ ಫೈಲಿನಲ್ಲಿ. ನಿಮ್ಮ ಟೀಚರ್ ಜೊತೆ ಕೂತು ಮೂರು ಸಾಲು ಬದಲಿಸಬೇಕು: “ಎಲ್ಲರೂ” ಗುಂಪಿಗೆ ತಿದ್ದುವ ಹಕ್ಕು ಇಲ್ಲ, ಅದೇ ಗುಂಪಿಗೆ ಖಾತೆ ತೆರೆಯುವ ಹಕ್ಕೂ ಇಲ್ಲ, ಖಾತೆಗಳನ್ನು ಟೀಚರೇ ಮಾಡಿಕೊಡುತ್ತಾರೆ, ತಾಣದ ಭಾಷೆ ಕನ್ನಡ. ಆಮೇಲೆ ಮುಖ್ಯ ಪುಟಕ್ಕೆ ಪೂರ್ತಿ ಬೀಗ.

ಇಲ್ಲಿ ನಿಮ್ಮ ಗಣಿತದ ಗಣಗಳ ಪಾಠ ನೆನಪಿಸಿಕೊಳ್ಳಿ. ಒಬ್ಬ ವಿದ್ಯಾರ್ಥಿ ಎಷ್ಟು ಗುಂಪಿನಲ್ಲಿದ್ದಾನೋ ಆ ಎಲ್ಲ ಗುಂಪುಗಳ ಹಕ್ಕು ಸೇರಿ ಅವನ ಹಕ್ಕು, ಅಂದರೆ ಗಣಗಳ ಸಂಯೋಗ. “ಬಳಕೆದಾರರು” ಗುಂಪಿನಿಂದ ಒಂದು ಹಕ್ಕು ತೆಗೆದು, “ಎಲ್ಲರೂ” ಗುಂಪಿನಲ್ಲಿ ಅದನ್ನು ಹಾಗೇ ಬಿಟ್ಟರೆ ಏನೂ ಬದಲಾಗುವುದಿಲ್ಲ. ಬಳಕೆದಾರರೂ “ಎಲ್ಲರೂ” ಗುಂಪಿನಲ್ಲಿ ಇದ್ದೇ ಇರುತ್ತಾರಲ್ಲ!

ಫೈಲ್ ಮುಟ್ಟುವ ಮೊದಲು ಅದರ ಒಂದು ಪ್ರತಿ ತೆಗೆದಿಡಿ. ಸಾಲಿನ ಕೊನೆಯ ಅರ್ಧವಿರಾಮ ಚಿಹ್ನೆ ಒಂದು ಬಿಟ್ಟರೂ ಇಡೀ ವಿಕಿ ನಿಂತುಬಿಡಬಹುದು. ಮಾರ್ಕ್ಸ್, ಫೋನ್ ನಂಬರ್ ಇಂಥವನ್ನು ವಿಕಿಯಲ್ಲಿ ಇಡಲೇಬೇಡಿ. ಒಂದೊಂದು ಪುಟವನ್ನು ಓದದಂತೆ ಬಚ್ಚಿಡಲು ಮಾಡಿದ ತಂತ್ರಾಂಶ ಇದಲ್ಲ. ಇಬ್ಬರು ಒಂದೇ ಸಾಲನ್ನು ಒಂದೇ ಹೊತ್ತಿಗೆ ತಿದ್ದಿದರೆ ಎರಡನೆಯವರಿಗೆ “ಸಂಪಾದನೆಯ ಘರ್ಷಣೆ” ಎಂಬ ಸೂಚನೆ ಬರುತ್ತದೆ. ಗಾಬರಿ ಬೇಡ, ಇಬ್ಬರೂ ಕೂತು ಮಾತಾಡಿಕೊಂಡರೆ ಆಯಿತು.

ಬರೆಯುವವರು ಯಾರು?

ಬೆಂಗಳೂರಿನಲ್ಲಿ ಕೂತು ಬರೆಯುವವರಿಗೆ ನಮ್ಮ ಊರುಗಳು ಅಷ್ಟಾಗಿ ಗೊತ್ತಿಲ್ಲ. ಹೈದರಾಬಾದಿನಲ್ಲಿ ಕೂತ ಬಹಳ ಜನಕ್ಕೆ ಕನ್ನಡ ಬರುವುದಿಲ್ಲ. ಊರೂ ಗೊತ್ತು, ಕನ್ನಡವೂ ಗೊತ್ತು ಅನ್ನುವವರು ನೀವು. ಭೀಮೆ ಬಂದು ಕೃಷ್ಣೆಯನ್ನು ಸೇರುವ ಜಾಗ ನಮ್ಮ ಕೃಷ್ಣಾ ಮಂಡಲದ ಅಂಚಿನಲ್ಲಿದೆ. ನಾರಾಯಣಪೇಟೆ ಸೀರೆಗೂ ಗದ್ವಾಲ್ ಸೀರೆಗೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಜೂರಾಲಾ ಅಣೆಕಟ್ಟಿನಲ್ಲಿ ವಿದ್ಯುತ್ ತಯಾರಾಗುತ್ತದೆ. ಇವುಗಳ ಬಗ್ಗೆ ಕನ್ನಡದಲ್ಲಿ ಸರಿಯಾದ ನಾಲ್ಕು ಸಾಲು ಇರಬೇಕಾದರೆ ಯಾರೋ ಬರೆಯಬೇಕು, ಯಾರೋ ಕಾಯಬೇಕು.

ಆದರೆ “ನಮ್ಮಜ್ಜ ಹೇಳಿದ್ರು” ಎಂಬುದು ವಿಕಿಪೀಡಿಯಾಕ್ಕೆ ಸಾಲದು. ಪುಸ್ತಕ, ಪತ್ರಿಕೆ, ಸರ್ಕಾರಿ ಪ್ರಕಟಣೆ, ಹೀಗೆ ಅಚ್ಚಾದ ಒಂದು ಆಧಾರ ಬೇಕು. ಅದನ್ನು ಹುಡುಕುವುದೇ ಒಳ್ಳೆಯ ಪ್ರಾಜೆಕ್ಟ್.

ಈ ವಾರ ಇಷ್ಟು ಮಾಡಿ. ಕನ್ನಡ ವಿಕಿಪೀಡಿಯಾದಲ್ಲಿ ನಿಮ್ಮ ಊರನ್ನೋ ಹತ್ತಿರದ ಪಟ್ಟಣವನ್ನೋ ಹುಡುಕಿ. ಪುಟ ಇದ್ದರೆ ಜಿಲ್ಲೆ, ರಾಜ್ಯ ಸರಿಯಾಗಿವೆಯಾ ನೋಡಿ, ಇತಿಹಾಸ ತೆರೆದು ಕೊನೆಯ ಬದಲಾವಣೆಯ ದಿನಾಂಕ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಖಾತೆ ಇದ್ದವರು ಮೊದಲು ತಮ್ಮ “ಪ್ರಯೋಗಪುಟ”ದಲ್ಲಿ ಬರೆದು ಕಲಿಯಿರಿ. ಅಲ್ಲಿ ತಪ್ಪಿದರೆ ಯಾರಿಗೂ ತೊಂದರೆ ಇಲ್ಲ. ಆಮೇಲೆ ಒಂದೇ ಒಂದು ಸಾಲು, ಒಂದು ಆಧಾರ, ಒಂದು ಸಾರಾಂಶ. ಮುನ್ನೋಟ ನೋಡಿ, ಉಳಿಸಿ. ವಾರ ಬಿಟ್ಟು ಮತ್ತೆ ಹೋಗಿ, ನಿಮ್ಮ ಸಾಲು ಹಾಗೇ ಇದೆಯಾ, ಇನ್ಯಾರಾದರೂ ಅದನ್ನು ಇನ್ನೂ ಚೆನ್ನಾಗಿ ಮಾಡಿದ್ದಾರಾ ನೋಡಿ.