ಹಕ್ಕಿ ನೋಡಲು ಹೊರಟಿರಾ? ನೀರು ಮರೆಯಬೇಡಿ

ಕಳೆದ ವರ್ಷ ಮೇ ತಿಂಗಳ ಒಂದು ಭಾನುವಾರ. 68 ವರ್ಷದ ನಿವೃತ್ತ ಉಪಾಧ್ಯಾಯರೊಬ್ಬರನ್ನು ಅವರ ಮಗ ಮಧ್ಯಾಹ್ನ ಒಂದು ಗಂಟೆಗೆ ನನ್ನ ಕ್ಲಿನಿಕ್ಕಿಗೆ ಕೈಹಿಡಿದು ಕರೆತಂದರು. ರಂಗನತಿಟ್ಟಿನಲ್ಲಿ ಹಕ್ಕಿ ನೋಡುತ್ತ ನಿಂತಿದ್ದವರು ಕಣ್ಣು ಕತ್ತಲೆ ಬಂದು ಕುಸಿದಿದ್ದರು. ನಾಲಿಗೆ ಒಣಗಿತ್ತು, ನಾಡಿ ವೇಗವಾಗಿತ್ತು. ಮಲಗಿದಾಗ 110 ಇದ್ದ ರಕ್ತದೊತ್ತಡ ಎದ್ದು ನಿಂತರೆ 80ಕ್ಕೆ ಇಳಿಯುತ್ತಿತ್ತು.

‘ಬೆಳಿಗ್ಗೆಯಿಂದ ಎಷ್ಟು ನೀರು ಕುಡಿದಿರಿ ಮೇಷ್ಟ್ರೇ?’ ಎಂದೆ.

‘ಒಂದು ಲೋಟ ಕಾಫಿ ಅಷ್ಟೇ ಡಾಕ್ಟ್ರೇ. ನೀರು ಕುಡಿದರೆ ಪದೇ ಪದೇ ಹೋಗಬೇಕಾಗುತ್ತೆ. ದೋಣಿಯಲ್ಲಿ ಕೂತಾಗ ಏನು ಮಾಡೋದು?’

ಅವರು ರಕ್ತದೊತ್ತಡಕ್ಕೆ ತೆಗೆದುಕೊಳ್ಳುತ್ತಿದ್ದ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧವೂ ಇತ್ತು. ನೀರು ಒಳಗೆ ಹೋಗಲಿಲ್ಲ. ಬೆವರು, ಮೂತ್ರದಲ್ಲಿ ಹೊರಗೆ ಹೋಗುವುದು ನಿಲ್ಲಲಿಲ್ಲ. ಪುಣ್ಯಕ್ಕೆ ಡ್ರಿಪ್ ಹಾಕಿದ ಮೇಲೆ ಸಂಜೆಯ ಹೊತ್ತಿಗೆ ಚೇತರಿಸಿಕೊಂಡರು. ಆದರೆ ಆ ರಾತ್ರಿ ನನಗೆ ಸಮಾಧಾನವಿರಲಿಲ್ಲ. ‘ಮನೆಯಲ್ಲಿ ಕೂರಬೇಡಿ, ಹಕ್ಕಿ ನೋಡುತ್ತ ನಡೆಯಿರಿ’ ಎಂದು ಸಲಹೆ ಕೊಟ್ಟವನು ನಾನೇ. ಬೇಸಗೆಯಲ್ಲಿ ಆ ಮಾತ್ರೆಯ ಬಗ್ಗೆ ಎಚ್ಚರಿಸಲು ಮರೆತವನೂ ನಾನೇ.

ವೈಶಾಖದ ನದಿತೀರ

ಪಂಚಾಂಗದ ಪ್ರಕಾರ ವೈಶಾಖವೂ ವಸಂತವೇ. ಬಿಸಿಲಿಗೆ ಮಾತ್ರ ಅದು ಗೊತ್ತಿಲ್ಲ! ಆದರೂ ಕಾವೇರಿ ತೀರದಲ್ಲಿ ಹಕ್ಕಿ ನೋಡುವವರಿಗೆ ಇದು ಸುಗ್ಗಿಯ ಕಾಲ. 17ನೇ ಶತಮಾನದಲ್ಲಿ ನದಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟೆಯಿಂದಾಗಿ ರಂಗನತಿಟ್ಟಿನ ನಡುಗಡ್ಡೆಗಳು ರೂಪುಗೊಂಡವು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಕರ್ನಾಟಕದ ಮೊದಲ ಜೌಗುನೆಲ ಎನಿಸಿತು. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ನೀರುಕಾಗೆಗಳನ್ನು ಅಲ್ಲಿ ಕಾಣಬಹುದು. ಮೈಸೂರಿನವರಿಗೆ ಕುಕ್ಕರಹಳ್ಳಿ, ಕಾರಂಜಿ ಕೆರೆಗಳು ಇನ್ನೂ ಹತ್ತಿರ.

ಈ ಹವ್ಯಾಸ ಒಳ್ಳೆಯದೇ. ವ್ಯಾಯಾಮವೆಂದರೆ ಬೇಸರಪಡುವವರೂ ಹಕ್ಕಿಯ ಹಿಂದೆ ಎರಡು ಮೈಲಿ ನಡೆದುಬಿಡುತ್ತಾರೆ. ಆದರೆ ಹಕ್ಕಿಯ ಮೇಲೆ ಕಣ್ಣಿಟ್ಟವರಿಗೆ ಬಾಯಾರಿಕೆಯೂ ಹೊತ್ತೂ ತಿಳಿಯುವುದಿಲ್ಲ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಕಡಿಮೆಯಾಗುತ್ತದೆ. ನದಿಯ ಗಾಳಿ ತಂಪೆನಿಸಿದರೂ ನೀರಿನ ಮೇಲಿಂದ ಪ್ರತಿಫಲಿಸುವ ಬಿಸಿಲು ಮೈಗೆ ತಗಲುತ್ತಲೇ ಇರುತ್ತದೆ.

ಹಕ್ಕಿಗಳ ಉಪಾಯ

ಹಕ್ಕಿಗಳಿಗೆ ಬೆವರಿನ ಗ್ರಂಥಿಗಳಿಲ್ಲ. ನೀರುಕಾಗೆ, ಹೆಜ್ಜಾರ್ಲೆಗಳು ಬಾಯಿ ತೆರೆದು ಗಂಟಲಿನ ಚರ್ಮವನ್ನು ಪಟಪಟನೆ ಅದುರಿಸಿ ಮೈಯ ಬಿಸಿ ಹೊರಹಾಕುತ್ತವೆ. ಕೊಕ್ಕರೆಗಳು ತಮ್ಮ ಕಾಲಿನ ಮೇಲೆ ತಾವೇ ನೀರು ನೀರಾದ ಹಿಕ್ಕೆ ಹಾಕಿಕೊಂಡು, ಅದು ಆರುವಾಗ ತಂಪು ಪಡೆಯುತ್ತವೆ. ಬಣ್ಣದ ಕೊಕ್ಕರೆ ಉರಿಬಿಸಿಲಿನಲ್ಲಿ ರೆಕ್ಕೆ ಬಿಚ್ಚಿ ಮರಿಗಳಿಗೆ ಕೊಡೆ ಹಿಡಿದಂತೆ ನಿಲ್ಲುತ್ತದೆ. ಕೆರೆಯಂಗಳದಲ್ಲಿ ಮೊಟ್ಟೆಯಿಡುವ ಟಿಟ್ಟಿಭ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಕಾವಿಗೆ ಕೂರುತ್ತದೆ.

ನಮಗೆ ಬೆವರುವ ಅನುಕೂಲವಿದೆ. ಆದರೆ ಬೆವರಲು ದೇಹದಲ್ಲಿ ನೀರು ಇರಬೇಕಲ್ಲ?

ನೀವು ಮಾಡಬೇಕಾದ್ದು

* ಪಕ್ಷಿಧಾಮದ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಹತ್ತು ಗಂಟೆಯೊಳಗೆ ನೆರಳು ಸೇರಿ. ಹಕ್ಕಿಗಳ ಚಟುವಟಿಕೆಯೂ ಬೆಳಿಗ್ಗೆಯೇ ಹೆಚ್ಚು.

* ಹೊರಡುವ ಮುನ್ನ ಎರಡು ಲೋಟ ನೀರು ಕುಡಿಯಿರಿ. ಆಮೇಲೆ ಬಾಯಾರಿಕೆಗೆ ಕಾಯದೆ ಅರ್ಧ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕುಡಿಯಿರಿ. ದೋಣಿ ಹತ್ತುವ ಮೊದಲು ಶೌಚಾಲಯಕ್ಕೆ ಹೋಗಿ ಬನ್ನಿ, ನೀರು ಬಿಡಬೇಡಿ. ಈ ಮಾತು ಹೆಣ್ಣುಮಕ್ಕಳಿಗೂ ಅನ್ವಯಿಸುತ್ತದೆ.

* ಉಪ್ಪು ಹಾಕಿದ ನೀರುಮಜ್ಜಿಗೆ ಒಳ್ಳೆಯದು. ಬೆವರು ಹೆಚ್ಚಾದರೆ ಒಂದು ಲೀಟರ್ ಕುಡಿಯುವ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿಕೊಳ್ಳಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ಇದನ್ನು ವೈದ್ಯರನ್ನು ಕೇಳಿಯೇ ಕುಡಿಯಬೇಕು.

* ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ನೀರಿನ ಮಿತಿ ಇರುವವರು ಎಷ್ಟು ಕುಡಿಯಬೇಕೆಂದು ಮೊದಲೇ ಕೇಳಿಕೊಳ್ಳಿ. ರಕ್ತದೊತ್ತಡದ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

* ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ನಡೆಯಬೇಡಿ. ತಿಂಡಿ ಜೊತೆಗಿರಲಿ. ಇನ್ಸುಲಿನ್ ಅನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಇಡಬೇಡಿ.

* ಅಗಲ ಅಂಚಿನ ಟೋಪಿ, ಸಡಿಲವಾದ ಹತ್ತಿ ಬಟ್ಟೆ ಇರಲಿ. ಬೈನಾಕ್ಯುಲರ್ ಎಂದೂ ಸೂರ್ಯನ ಕಡೆ ತಿರುಗಬಾರದು. ಕಣ್ಣಿಗೆ ಶಾಶ್ವತ ಹಾನಿಯಾಗುತ್ತದೆ.

ಅಪಾಯದ ಸೂಚನೆ

ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ ಕಂಡ ಕೂಡಲೇ ನೆರಳಿನಲ್ಲಿ ಮಲಗಿ, ಕಾಲು ಎತ್ತರಿಸಿ, ನೀರು ಕುಡಿಯಿರಿ. ಮೈ ಸುಡುತ್ತಿದ್ದು ಮಾತು ತೊದಲಿದರೆ, ಗೊಂದಲ ಕಂಡರೆ ಅದು ಉಷ್ಣಾಘಾತ. ಇದು ಪ್ರಾಣಕ್ಕೆ ಅಪಾಯ. 108ಕ್ಕೆ ಕರೆ ಮಾಡಿ; ಗಾಡಿ ಬರುವವರೆಗೆ ಸುಮ್ಮನೆ ಕಾಯದೆ ಮೈಮೇಲೆ ನೀರು ಸುರಿದು ಗಾಳಿ ಹಾಕಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆಯಿಂದ ಈ ಬಿಸಿ ಇಳಿಯುವುದಿಲ್ಲ.

ನಮ್ಮ ಮೇಷ್ಟ್ರು ಹಕ್ಕಿ ನೋಡುವುದನ್ನು ಬಿಟ್ಟಿಲ್ಲ. ಈಗ ಅವರ ಹೆಗಲಚೀಲದಲ್ಲಿ ಬೈನಾಕ್ಯುಲರ್ ಜೊತೆಗೆ ಒಂದು ನೀರಿನ ಬಾಟಲಿ, ಒಂದು ಮಜ್ಜಿಗೆಯ ಬಾಟಲಿ ಇರುತ್ತವೆ. ಮೊನ್ನೆ ಬಂದವರು ನಗುತ್ತ ಹೇಳಿದರು: ‘ಹಕ್ಕಿ ಎಷ್ಟು ಕಂಡೆ ಅಂತ ಮಾತ್ರವಲ್ಲ ಡಾಕ್ಟ್ರೇ, ನೀರು ಎಷ್ಟು ಕುಡಿದೆ ಅಂತಲೂ ಪುಸ್ತಕದಲ್ಲಿ ಬರೆದಿಡ್ತೀನಿ.’

ನೀವೂ ಹಾಗೇ ಮಾಡಿ.