ಮೋಟಾರುಸೈಕಲಿನ ಹೊಗೆಕೊಳವೆಯ ಕಪ್ಪು ಬಣ್ಣ: ಅದು ಬಾಳುವುದೇಕೆ, ಬಾಳದಿರುವುದೇಕೆ?

ಕಳೆದ ಫೆಬ್ರವರಿ ತಿಂಗಳಲ್ಲಿ ಒಂದು ದಿನ, ಒಂಬತ್ತನೆಯ ತರಗತಿಯ ಪಾಠ ಮುಗಿಸಿ ಹೊರಗೆ ಬರುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ನನ್ನನ್ನು ತಡೆದು ಕೇಳಿದನು: “ಮಾಷ್ಟ್ರೇ, ಅಪ್ಪ ಬೈಕಿನ ಸೈಲೆನ್ಸರಿಗೆ ಒಂದೇ ವರ್ಷದಲ್ಲಿ ಮೂರು ಸಲ ಕಪ್ಪು ಪೈಂಟು ಕೊಡಿಸಿದರು. ಮೂರು ಸಲವೂ ಎದ್ದುಹೋಯಿತು. ಮನೆಯ ಗೇಟಿಗೆ ಕೊಟ್ಟ ಪೈಂಟು ಮಾತ್ರ ಐದು ವರ್ಷವಾದರೂ ಹಾಗೆಯೇ ಇದೆ. ಇದು ಯಾಕೆ?”

ಆ ಹುಡುಗನ ತಂದೆಯವರು ಬೆಳಗಿನ ಜಾವದಲ್ಲೇ ಎದ್ದು ಬೈಕಿನಲ್ಲಿ ಮನೆಮನೆಗೆ ಹಾಲು ಮುಟ್ಟಿಸಿ ಸಂಸಾರ ಸಾಗಿಸತಕ್ಕವರು. ಮೂರು ಸಲದ ಖರ್ಚು ಅವರಿಗೆ ಸಣ್ಣದಲ್ಲ. ನಾನೂ ನನ್ನ ಬೈಕಿನ ವಿಷಯದಲ್ಲಿ ಹೀಗೆಯೇ ಒಮ್ಮೆ ಹಣ ಕಳೆದುಕೊಂಡವನಾದುದರಿಂದ, ಪ್ರಶ್ನೆಯನ್ನು ನಕ್ಕು ಬಿಡಲು ಮನಸ್ಸು ಬರಲಿಲ್ಲ. ಅಂದು ಅವನಿಗೆ ಅರ್ಧ ಉತ್ತರ ಕೊಟ್ಟೆನು. ಉಳಿದರ್ಧವನ್ನೂ ಸೇರಿಸಿ, ಎಲ್ಲ ವಿದ್ಯಾರ್ಥಿಗಳಿಗೂ ಅವರ ತಂದೆತಾಯಂದಿರಿಗೂ ಪ್ರಯೋಜನವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಕೊಳವೆ ಸಹಿಸತಕ್ಕ ಶಾಖವೆಷ್ಟೆಂಬುದನ್ನು ನೋಡೋಣ. ನೀರು ಕುದಿಯುವುದು 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಎಂಜಿನ್ನಿನೊಳಗೆ ಪೆಟ್ರೋಲು ಉರಿದು ಹೊರಬೀಳುವ ಅನಿಲವು ಅಲ್ಲಿಂದ ಹೊರಡುವಾಗ ಸುಮಾರು 600ರಿಂದ 800 ಡಿಗ್ರಿಯಷ್ಟು ಕಾದಿರುತ್ತದೆ. ಎಂಜಿನ್ನಿಗೆ ತಾಗಿಕೊಂಡಿರುವ ಬಾಗಿದ ಕೊಳವೆಯು ಏರುದಾರಿಯಲ್ಲಿ ಭಾರ ಹೊತ್ತು ಸಾಗುವಾಗ 300ರಿಂದ 500 ಡಿಗ್ರಿಯವರೆಗೂ ಕಾಯಬಹುದು. ಅಲ್ಲಿಂದ ಹಿಂದಕ್ಕೆ ಹೋದಂತೆಲ್ಲ ಶಾಖ ಕಡಿಮೆಯಾಗುತ್ತದೆ. ಗೇಟಾದರೋ ಬೇಸಗೆಯ ಮಧ್ಯಾಹ್ನದ ಬಿಸಿಲಿಗಿಂತ ಹೆಚ್ಚಿನ ಶಾಖವನ್ನು ಕಂಡೇ ಇಲ್ಲ. ಒಂದೇ ಡಬ್ಬಿಯ ಪೈಂಟು ಎರಡು ಕಡೆಯೂ ಒಂದೇ ರೀತಿ ಬಾಳದಿರುವುದಕ್ಕೆ ಇದು ಮೂಲಕಾರಣ.

ಯಾವ ಪೈಂಟಿನಲ್ಲಿಯೂ ಮುಖ್ಯವಾಗಿ ಎರಡು ವಸ್ತುಗಳಿರುತ್ತವೆ. ಒಂದು, ಬಣ್ಣ ಕೊಡುವ ಪುಡಿ. ಇನ್ನೊಂದು, ಆ ಪುಡಿಯನ್ನು ಲೋಹಕ್ಕೆ ಅಂಟಿಸಿ ಹಿಡಿಯುವ ಬಂಧಕ. ಸಾಮಾನ್ಯ ಪೈಂಟಿನ ಬಂಧಕವು ಎಣ್ಣೆ, ರಾಳಗಳಂತಹ ಇಂಗಾಲದ ಸಂಯುಕ್ತ. ಅದು ಸುಮಾರು 200 ಡಿಗ್ರಿ ದಾಟುವ ಹೊತ್ತಿಗೆ ಸುಟ್ಟು ಕರಕಲಾಗತೊಡಗುತ್ತದೆ. ನಮ್ಮ ತಾಯಂದಿರಿಗೆ ಇದು ಹೊಸ ವಿಷಯವಲ್ಲ. ದೋಸೆಯ ಕಬ್ಬಿಣದ ಕಾವಲಿಗೆ ಎಣ್ಣೆ ಸವರಿ ಸವರಿ ಹದಗೊಳಿಸಿದಾಗ ಅದರ ಮೇಲೆ ನುಣುಪಾದ ಕಪ್ಪು ಪೊರೆಯೊಂದು ಕೂಡುತ್ತದೆ. ಅದೇ ಕಾವಲಿಯನ್ನು ಮರೆತು ಧಗಧಗಿಸುವ ಒಲೆಯ ಮೇಲೆ ಬಿಟ್ಟರೆ ಆ ಪೊರೆ ಸುಟ್ಟುಹೋಗಿ ಬೂದುಬಣ್ಣದ ಬರಿಯ ಕಬ್ಬಿಣ ಕಾಣುತ್ತದೆ. ಮರುದಿನ ನೋಡಿದರೆ ತುಕ್ಕು. ಸೈಲೆನ್ಸರಿನ ಮೇಲಿನ ಗೇಟಿನ ಪೈಂಟಿಗೆ ಆಗುವುದೂ ಇದೇ.

ಬಣ್ಣದ ಪುಡಿಯೂ ಶಾಖಕ್ಕೆ ತಕ್ಕುದಾಗಿರಬೇಕು. ದೀಪದ ಮಸಿ ಇಂಗಾಲವಾದುದರಿಂದ ಹೆಚ್ಚಿನ ಶಾಖದಲ್ಲಿ ಗಾಳಿಯೊಡನೆ ಸೇರಿ ಉರಿದುಹೋಗುತ್ತದೆ. ಕಬ್ಬಿಣದ ಕಪ್ಪು ಆಕ್ಸೈಡು ಕಾದಾಗ ಇನ್ನಷ್ಟು ಆಮ್ಲಜನಕವನ್ನು ಹೀರಿ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಆದುದರಿಂದ ಶಾಖ ತಾಳುವ ಪೈಂಟಿನಲ್ಲಿ ತಾಮ್ರ, ಕ್ರೋಮಿಯಂ, ಮ್ಯಾಂಗನೀಸ್ ಮೊದಲಾದ ಲೋಹಗಳ ಆಕ್ಸೈಡುಗಳನ್ನು ಕುಲುಮೆಯಲ್ಲಿ ಮೊದಲೇ ಸುಟ್ಟು ತಯಾರಿಸಿದ ಕಪ್ಪು ಪುಡಿಯನ್ನು ಬಳಸುತ್ತಾರೆ. ಒಮ್ಮೆ ಬೆಂಕಿ ಕಂಡು ಬಂದ ವಸ್ತು ಮತ್ತೆ ಬೆಂಕಿಗೆ ಅಂಜುವುದಿಲ್ಲ.

ಶಾಖ ತಾಳುವ ಇಂತಹ ಪೈಂಟಿನ ಬಂಧಕಕ್ಕೆ ಸಿಲಿಕೋನ್ ಎಂದು ಹೆಸರು. ಮರಳಿನಲ್ಲಿ ಹೇಗೆ ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಕೈಕೈ ಹಿಡಿದಿರುವುವೋ, ಇದರಲ್ಲಿಯೂ ಹಾಗೆಯೇ. ಈ ಹಿಡಿತವು ಇಂಗಾಲದ ಪರಮಾಣುಗಳ ಪರಸ್ಪರ ಹಿಡಿತಕ್ಕಿಂತ ಬಲವಾದುದು. ಹೆಚ್ಚಿನ ಶಾಖದಲ್ಲಿ ಇಂಗಾಲದ ಭಾಗ ಉರಿದುಹೋದರೂ ಮರಳಿನಂತಹ ಜಾಲವೊಂದು ಉಳಿದು ಪುಡಿಯನ್ನು ಹಿಡಿದುಕೊಂಡಿರುತ್ತದೆ. ಉತ್ತಮವಾದ ಸಿಲಿಕೋನ್ ಪೈಂಟು ಸುಮಾರು 600 ಡಿಗ್ರಿಯವರೆಗೂ ತಾಳಬಲ್ಲದು. ಡಬ್ಬಿಯ ಮೇಲೆ ಈ ಅಂಕಿ ಮುದ್ರಿತವಾಗಿರುತ್ತದೆ. ಕೊಳ್ಳುವ ಮುನ್ನ ಓದಿ ನೋಡುವುದು ಅಗತ್ಯ.

ಆದರೆ ಇದರಲ್ಲೊಂದು ಸೂಕ್ಷ್ಮವಿದೆ. ಈ ಪೈಂಟು ಗಾಳಿಗೆ ಒಣಗಿದಂತೆ ಕಂಡರೂ ಗಟ್ಟಿಯಾಗಿರುವುದಿಲ್ಲ. ಸುಮಾರು 200 ಡಿಗ್ರಿ ಶಾಖದಲ್ಲಿ ಸ್ವಲ್ಪ ಹೊತ್ತು ಬೆಂದ ಮೇಲೆಯೇ ಅದು ಪಕ್ವವಾಗುವುದು. ಅದಕ್ಕೆ ಮೊದಲು ಒಂದು ಹನಿ ಪೆಟ್ರೋಲು ಬಿದ್ದರೂ ಕರಗಿ ಬರುತ್ತದೆ. ಎಂಜಿನ್ನಿನ ಸಮೀಪದ ಬಾಗು ತಾನಾಗಿಯೇ ಬೇಯುತ್ತದೆ. ಹಿಂಬದಿಯ ತುದಿಗೆ ಅಷ್ಟು ಶಾಖ ಎಂದೂ ಬರದಿರಬಹುದು. ಕಡಿಮೆ ಕಾಯುವ ತುದಿಯಲ್ಲಿಯೇ ಬಣ್ಣ ಬೇಗನೆ ಹೋಗುವ ವಿಚಿತ್ರಕ್ಕೆ ಇದೇ ಕಾರಣ. ಆದಕಾರಣ ಕೊಳವೆಯನ್ನು ಬಿಚ್ಚಿ, ಬಣ್ಣ ಬೇಯಿಸುವ ಒಲೆಯಿರುವ ಕಾರ್ಖಾನೆಯಲ್ಲಿ ಮಾಡಿಸುವುದು ಶ್ರೇಷ್ಠ.

ಇನ್ನು ಲೋಹದ ಹಿಗ್ಗುವಿಕೆಯ ಮಾತು. ಒಂದು ಮೀಟರು ಉದ್ದದ ಉಕ್ಕಿನ ಕೊಳವೆಯ ಶಾಖವು 400 ಡಿಗ್ರಿಯಷ್ಟು ಏರಿದರೆ ಅದು ಸುಮಾರು 5 ಮಿಲಿಮೀಟರಿನಷ್ಟು ಉದ್ದವಾಗುತ್ತದೆ. ಆರಿದಾಗ ಮತ್ತೆ ಕುಗ್ಗುತ್ತದೆ. ಮೇಲಿನ ಬಣ್ಣವೂ ಅದರೊಡನೆ ಹಿಗ್ಗಿ ಕುಗ್ಗಬೇಕು. ಹೆಚ್ಚು ಬಾಳಲೆಂದು ದಪ್ಪವಾಗಿ ಬಳಿದ ಪೈಂಟು ಹೀಗೆ ಬಾಗಲಾರದೆ ಬಿರಿಯುತ್ತದೆ. ಇಲ್ಲಿ ತೆಳುವೇ ಬಲ.

ಪೈಂಟಲ್ಲದೆ ಬೇರೆ ವಿಧಾನಗಳೂ ಉಂಟು. ಗಾಜಿನ ಪುಡಿಯನ್ನು ಉಕ್ಕಿನ ಮೇಲೆ ಹರಡಿ ಸುಮಾರು 800 ಡಿಗ್ರಿಯಲ್ಲಿ ಕರಗಿಸಿ ಕೂರಿಸುವುದು ಎನಾಮಲ್ ವಿಧಾನ. ಅದು ಶಾಖಕ್ಕೂ ನೀರಿಗೂ ಜಗ್ಗದು; ಆದರೆ ಕಲ್ಲೇಟು ಬಿದ್ದರೆ ಚಕ್ಕೆ ಏಳುತ್ತದೆ. ಹಳೆಯ ಎನಾಮಲ್ ಬಟ್ಟಲು ಕೈಜಾರಿ ಬಿದ್ದ ಜಾಗದಲ್ಲಿಯೇ ತುಕ್ಕು ಹಿಡಿದುದನ್ನು ನೀವು ಮನೆಯಲ್ಲಿ ಕಂಡಿರಬಹುದು. ವಿದ್ಯುತ್ತಿನ ಸಹಾಯದಿಂದ ಲೇಪಿಸುವ ಕಪ್ಪು ಕ್ರೋಮಿನದು ಇನ್ನೊಂದು ಬಗೆ. ಅದು ನೋಡಲು ಸುಂದರ, ಆದರೆ ಅತಿ ತೆಳು. ಅದರಡಿಯ ನಿಕಲ್ ಲೇಪ ಎಷ್ಟು ಚೆನ್ನಾಗಿದೆಯೋ ಅಷ್ಟೇ ಅದರ ಆಯುಷ್ಯ. ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ದಿ ಬೈಕುಗಳ ಜೋಡಿ ಕೊಳವೆಗಳನ್ನು ಹಿರಿಯರು ನೆನೆಯಬಹುದು. ಅವು ಬೆಳ್ಳಿಯಂತೆ ಹೊಳೆಯುವ ಕ್ರೋಮಿನವು. ಇಂತಹ ಹೊಳೆಯುವ ಕ್ರೋಮು ಎಂಜಿನ್ನಿನ ಬಳಿ ಕಾದು ಕಾದು ಹೊಂಬಣ್ಣಕ್ಕೂ ನೀಲಿಗೂ ತಿರುಗುವುದುಂಟು. ಕಪ್ಪು ಲೇಪದಲ್ಲಿ ಈ ಬಣ್ಣ ಬದಲಾವಣೆ ಕಾಣದು. ಮೇಲಾಗಿ ಕಪ್ಪು ಮೈ ಹೊಳೆಯುವ ಮೈಗಿಂತ ಹೆಚ್ಚು ಶಾಖವನ್ನು ಹೊರಸೂಸುತ್ತದೆ.

ಈಗ ಹುಡುಗನ ಪ್ರಶ್ನೆಯ ಉಳಿದರ್ಧಕ್ಕೆ ಬರುತ್ತೇನೆ. ಅವನ ತಂದೆಯವರ ಕೊಳವೆಯನ್ನು ನೋಡಿದಾಗ ತುಕ್ಕು ಹೊರಗಿನಿಂದ ಮಾತ್ರವಲ್ಲ, ಒಳಗಿನಿಂದಲೂ ಬಂದಿತ್ತು. ಪೆಟ್ರೋಲಿನಲ್ಲಿ ಜಲಜನಕವಿದೆ, ಅದು ಉರಿದಾಗ ನೀರಾಗುತ್ತದೆ. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರು ನೀರು ಹುಟ್ಟುತ್ತದೆಂದರೆ ಆಶ್ಚರ್ಯವಾದೀತು, ಆದರೂ ಇದು ಲೆಕ್ಕಕ್ಕೆ ಸರಿಯಾದ ಮಾತು. ದೂರ ಓಡುವ ಬೈಕಿನಲ್ಲಿ ಈ ನೀರು ಆವಿಯಾಗಿ ಹೊರಹೋಗುತ್ತದೆ. ಮನೆಮನೆಯ ಮುಂದೆ ನಿಂತು ನಿಂತು ಸಾಗುವ ಹಾಲಿನ ಬೈಕಿನಲ್ಲಿ ಕೊಳವೆ ಪೂರಾ ಕಾಯುವುದೇ ಇಲ್ಲ. ನೀರು ಒಳಗೇ ನಿಲ್ಲುತ್ತದೆ. ತುಕ್ಕು ತಾನು ತಿಂದ ಕಬ್ಬಿಣದ ಎರಡರಷ್ಟಕ್ಕಿಂತಲೂ ಹೆಚ್ಚು ಜಾಗ ಬೇಡುತ್ತದೆ. ಆದುದರಿಂದ ಬಣ್ಣದಡಿ ಅದು ಬೆಳೆದಾಗ ಬಣ್ಣವನ್ನು ಕೆಳಗಿನಿಂದ ಎತ್ತಿಬಿಡುತ್ತದೆ. ಇದರೊಡನೆ ನಮ್ಮ ಕಾಸರಗೋಡಿನ ಕಡಲ ಗಾಳಿಯ ಉಪ್ಪು, ವರ್ಷಕ್ಕೆ 3000 ಮಿಲಿಮೀಟರಿಗೂ ಮೀರುವ ಮಳೆ. ಇಷ್ಟೆಲ್ಲದರ ಮೇಲೆ, ಬಣ್ಣ ಬಳಿದವರು ಗೇಟಿಗೆ ಮಾಡುವಂತೆ ಮೊದಲು ರೆಡ್ ಆಕ್ಸೈಡ್ ಹಚ್ಚಿದ್ದರು. ಆ ಅಡಿಲೇಪವು ಸಾಮಾನ್ಯ ಬಂಧಕದ್ದಾದುದರಿಂದ ಅದು ಮೊದಲು ಸುಟ್ಟು, ಮೇಲಿನ ಬಣ್ಣವನ್ನೂ ತನ್ನೊಡನೆ ಕೊಂಡೊಯ್ದಿತು.

ಆದುದರಿಂದ ಮಾಡತಕ್ಕುದಿಷ್ಟು. ಹಳೆಯ ಬಣ್ಣವನ್ನೂ ತುಕ್ಕನ್ನೂ ತಂತಿಯ ಬ್ರಶ್ಶಿನಿಂದಲೂ ಎಮರಿ ಕಾಗದದಿಂದಲೂ ಪೂರ್ಣವಾಗಿ ತೆಗೆದು ಬಿಳಿಲೋಹ ಕಾಣಿಸಬೇಕು. ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಥಿನ್ನರಿನಿಂದ ಒರೆಸಿದ ಮೇಲೆ ಬರಿಗೈಯಿಂದ ಮುಟ್ಟಬಾರದು. ಬೆರಳಿನ ಜಿಡ್ಡೂ ಸಾಕು ಬಣ್ಣ ಏಳಲು. ಶಾಖ ತಾಳುವ ಪೈಂಟನ್ನೇ ನೇರವಾಗಿ, ತೆಳುವಾಗಿ ಎರಡು ಸಲ ಕೊಡಬೇಕು. ಒಣಗಿದ ಬಳಿಕ ಕಾರ್ಖಾನೆಯ ಒಲೆ ಸಿಗದಿದ್ದರೆ, ಡಬ್ಬಿಯ ಮೇಲಿನ ಸೂಚನೆಯಂತೆ ಎಂಜಿನ್ನನ್ನು ಸ್ವಲ್ಪ ಸ್ವಲ್ಪವೇ ಹೊತ್ತು ಓಡಿಸಿ, ಆರಿಸಿ, ಮತ್ತೆ ಓಡಿಸಿ ಬೇಯಿಸಬೇಕು. ಈ ಕೆಲಸ ಬಯಲಿನಲ್ಲಿಯೇ ಆಗಬೇಕು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೊಟ್ಟಿಗೆಯಲ್ಲಿ ಅದು ಪ್ರಾಣವನ್ನೇ ತೆಗೆದೀತು. ಸೈಲೆನ್ಸರಿನ ಅಡಿಯಲ್ಲಿ ನೀರು ಹೋಗಲು ಸಣ್ಣ ತೂತಿದ್ದರೆ ಅದನ್ನು ಮುಚ್ಚಬಾರದು. ವಾರಕ್ಕೊಮ್ಮೆಯಾದರೂ ಬೈಕನ್ನು ಅರ್ಧ ಗಂಟೆ ನಿಲ್ಲಿಸದೆ ಓಡಿಸಿದರೆ ಒಳಗಿನ ನೀರು ಆರುತ್ತದೆ.

ಪಾಲಕರಲ್ಲಿ ಇನ್ನೊಂದು ವಿನಂತಿ. ಕಪ್ಪು ಕೊಳವೆ ಕಾದಿದೆಯೋ ಆರಿದೆಯೋ ಕಣ್ಣಿಗೆ ತಿಳಿಯದು. ಹಿಂದೆ ಕುಳಿತ ಮಕ್ಕಳು ಇಳಿಯುವಾಗ ಮೀನಖಂಡ ಸುಟ್ಟುಕೊಂಡು ಶಾಲೆಗೆ ಬಂದುದನ್ನು ನಾನು ಹಲವು ಸಲ ಕಂಡಿದ್ದೇನೆ. ಮಕ್ಕಳನ್ನು ಕೊಳವೆಯಿಲ್ಲದ ಬದಿಯಿಂದ ಇಳಿಸಿರಿ. ಸುಟ್ಟರೆ ಕೂಡಲೇ ಇಪ್ಪತ್ತು ನಿಮಿಷ ತಣ್ಣೀರು ಹರಿಸಿರಿ; ಹಲ್ಲುಜ್ಜುವ ಪೇಸ್ಟನ್ನೂ ಎಣ್ಣೆಯನ್ನೂ ಹಚ್ಚಬೇಡಿರಿ.

ಮೇ ತಿಂಗಳ ರಜೆಯಲ್ಲಿ ಆ ಹುಡುಗನೂ ಅವನ ತಂದೆಯವರೂ ಎರಡು ದಿನ ಕುಳಿತು ಈ ಕೆಲಸ ಮಾಡಿದರು. ಈಗ ಒಂದು ಮಳೆಗಾಲ ಕಳೆದಿದೆ. ಮೊನ್ನೆ ನೋಡಿದೆ: ಮುಂದಿನ ಚಕ್ರದಿಂದ ಕಲ್ಲು ಸಿಡಿಯುವ ಜಾಗದಲ್ಲಿ ಉಗುರಿನಗಲ ತುಕ್ಕು ಕಂಡಿದೆ, ಉಳಿದೆಡೆ ಬಣ್ಣ ಗಟ್ಟಿಯಾಗಿದೆ. ಯಾವ ಲೇಪವೂ ಶಾಶ್ವತವಲ್ಲ. ಆದರೆ ಒಂದು ವರ್ಷದಲ್ಲಿ ಮೂರು ಸಲ ಕೊಡುತ್ತಿದ್ದ ಹಣ ಈ ವರ್ಷ ಆ ಮನೆಯಲ್ಲಿಯೇ ಉಳಿಯಿತು. ಹುಡುಗನು ಈಗ ಹತ್ತನೆಯ ತರಗತಿಯಲ್ಲಿದ್ದಾನೆ. ಆ ಉಗುರಿನಗಲದ ತುಕ್ಕನ್ನು ಕ್ರಿಸ್ಮಸ್ ರಜೆಯಲ್ಲಿ ಉಜ್ಜಿ ತೆಗೆದು ಅಲ್ಲಿಗಷ್ಟೇ ಬಣ್ಣ ಕೊಡುವುದಾಗಿ ಹೇಳಿದ್ದಾನೆ. ಅವನಂತೆ ಕಂಡುದನ್ನು ಕೇಳುವ ಅಭ್ಯಾಸವು ನಮ್ಮ ಎಲ್ಲ ವಿದ್ಯಾರ್ಥಿಗಳಿಗೂ ಬರಲೆಂದು ಹಾರೈಸುತ್ತೇನೆ.